ಮಕ್ಕಳ ಮನಸ್ಸಿಗೂ ಮಳೆಗಾಲವುಂಟು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜಗಲಿಗಳಲ್ಲಿ ಬೇರೆ ಮಾತೇ ಇಲ್ಲ. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ಶಿರಸಿ ಎಷ್ಟನೆಯದು ಎಂಬ ಲೆಕ್ಕ ಮೊದಲು. ಆಮೇಲೆ ಪಕ್ಕದ ಮನೆಯ ಮಾಣಿಗೆ ಎಷ್ಟು, ನಮ್ಮ ಕೂಸಿಗೆ ಎಷ್ಟು ಎಂಬ ಲೆಕ್ಕ. ಆ ಹದಿನಾರರ ಜೀವ ರಾತ್ರಿ ನಿದ್ದೆ ಮಾಡಿತೇ ಎಂದು ವಿಚಾರಿಸುವವರನ್ನು ಮಾತ್ರ ನಾನು ಕಂಡದ್ದು ಕಡಿಮೆ.

ನನ್ನ ತಕರಾರು ಓದಿನ ಮೇಲಲ್ಲ. ಓದಿನ ಹೆಸರಿನಲ್ಲಿ ತಂದೆತಾಯಿಗಳು ತಮ್ಮ ಕೆಲಸಕ್ಕೇ ರಾಜೀನಾಮೆ ಕೊಡುವುದರ ಮೇಲೆ. ಹತ್ತನೆಯದು ಮುಗಿದದ್ದೇ ತಡ, ಮಗುವನ್ನು ಘಟ್ಟದ ಕೆಳಗಿನದೋ ಧಾರವಾಡದ ಕಡೆಯದೋ ಒಂದು ವಸತಿ ಕಾಲೇಜಿಗೆ ಸೇರಿಸಿ, ಶುಲ್ಕ ಕಟ್ಟಿ, ಕರ್ತವ್ಯ ತೀರಿತೆಂದು ಮರಳುತ್ತೇವೆ. ಫೋನಿನಲ್ಲಿ ನಮ್ಮ ಮೊದಲ ಪ್ರಶ್ನೆ, 'ಟೆಸ್ಟಿನಲ್ಲಿ ಎಷ್ಟು ಬಂತು?' 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಮಿಕ್ಕು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು ಒಂದು ಲಕ್ಷ. ಹಾಗಾದರೆ ಉಳಿದ ಮಕ್ಕಳೆಲ್ಲ ದಡ್ಡರೇ, ಸೋಮಾರಿಗಳೇ? ಅಡಿಕೆಯ ಧಾರಣೆಯನ್ನು ಬಾಯಲ್ಲೇ ಗುಣಿಸಬಲ್ಲವರಿಗೆ ಈ ಭಾಗಾಕಾರವೇಕೆ ಬಾರದು?

'ನಮ್ಮ ಕಾಲದಲ್ಲಿ ಈ ಮನಸ್ಸು, ಒತ್ತಡ ಎಂಬ ನಾಜೂಕು ಇರಲಿಲ್ಲ' ಎಂಬುದು ಹಿರಿಯರ ಸಿದ್ಧ ಉತ್ತರ. ಇತ್ತು, ಸ್ವಾಮಿ, ಅದಕ್ಕೆ ಹೆಸರಿರಲಿಲ್ಲ, ಅಷ್ಟೆ. ಮೇಲಾಗಿ ಆಗ ಅಪ್ಪ ಗದರಿಸಿದರೆ ಅಜ್ಜಿಯ ಮಡಿಲಿತ್ತು. ಮನೆ ತುಂಬ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿದ್ದರು. ರಾತ್ರಿಯಿಡೀ ಆಟ ನೋಡಲು ಜೊತೆಯಿತ್ತು. ಈಗ ಅಷ್ಟು ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೋ ಮೂವರೋ. ಅಜ್ಜಿಯ ಕೆಲಸವನ್ನೂ ಅಪ್ಪ ಅಮ್ಮಂದಿರೇ ಮಾಡಬೇಕಾದ ಕಾಲವಿದು.

ಅಡಿಕೆ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕೆ? ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಮದ್ದನ್ನು ಆತ ಮಳೆ ಹಿಡಿಯುವ ಮುಂಚೆಯೇ ಹೊಡೆಸುತ್ತಾನೆ. 40-45 ದಿನಕ್ಕೆ ಮತ್ತೊಮ್ಮೆ. ಕಾಯಿ ಉದುರಿತೆಂದು ಮರವನ್ನು ಬಯ್ಯುವುದಿಲ್ಲ, ಪಕ್ಕದ ತೋಟದ ಮರವನ್ನು ತೋರಿಸಿ ಹಂಗಿಸುವುದೂ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲ ಉದುರಿದ ಮೇಲೆಯೇ ಎಚ್ಚರ!

ಮಾಡಬೇಕಾದ್ದು ಪಾಂಡಿತ್ಯದ ಕೆಲಸವಲ್ಲ. ಅಂಕ ಕೇಳುವ ಮೊದಲು ಊಟ, ನಿದ್ದೆ ವಿಚಾರಿಸಿ. ಮಗು ಬಾಯಿ ಬಿಟ್ಟಾಗ ಉಪದೇಶವನ್ನು ತುಸು ತಡೆದುಕೊಳ್ಳಿ. ಎರಡು ವಾರ ಕಳೆದರೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಗೆಳೆಯರೂ ಬೇಡವಾದರೆ, ದೃಷ್ಟಿ ತೆಗೆದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 'ಸಾಯಬೇಕೆನಿಸುತ್ತಿದೆಯೇ?' ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಕಲ್ಲೆದೆಯದೆಂದು ನಾವು ಬಯ್ಯುವ ಸರಕಾರವೇ 2024ರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟಿತು. ಹೆತ್ತವರು ಒಂದೇ ಅವಕಾಶ ಕೊಟ್ಟು ಬಾಗಿಲು ಹಾಕುವುದು ಯಾವ ನ್ಯಾಯ?