ದಾನಿಗಳ ಕೂಟವೂ ದುಡಿಮೆಯ ಬೆಲೆಯೂ

ಮಂಗಳೂರು ಪಟ್ಟಣವು ದಾನಶೀಲತೆಯಲ್ಲಿ ಎಂದೂ ಬಡವಾದುದಲ್ಲ. 1834ರಲ್ಲಿ ಇಲ್ಲಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು, ಮತಾಂತರದ ಫಲವಾಗಿ ಕುಲಕಸುಬನ್ನೂ ಆಶ್ರಯವನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿ ಮೊದಲು ನೇಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. 1897ರಲ್ಲಿ ಕುದ್ಮುಲ್ ರಂಗರಾಯರು, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿಯೂ, ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನನ್ನು ಕಟ್ಟಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ವಿದ್ಯೆಯನ್ನು ಒದಗಿಸಿದರು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಶಾಶ್ವತ ನಿಧಿಯೇ ಮುಂದೆ ಕೆನರಾ ಬ್ಯಾಂಕಾಗಿ ಬೆಳೆಯಿತು. ಇವರೆಲ್ಲರೂ ತಮ್ಮ ತಮ್ಮ ಪಥದಲ್ಲಿ ನಡೆದವರು. ಹಲವು ದಾನಿಗಳು ಒಂದೇ ಕಾರ್ಯಕ್ಕೆ ಕೂಡಿಬಂದ ನಿದರ್ಶನವನ್ನು ಅರಸುವವನು ಬೆಳ್ತಂಗಡಿ ತಾಲೂಕಿನ ಉಜಿರೆಯವರೆಗೆ ಹೋಗಬೇಕು.

ಅಲ್ಲಿ 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಈ ಮೂರೂ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದುವು. ನಿರುದ್ಯೋಗಿ ತರುಣರಿಗೆ ಶುಲ್ಕವಿಲ್ಲದೆ ಊಟ ವಸತಿಗಳನ್ನಿತ್ತು, ಕೆಲವೇ ವಾರಗಳಲ್ಲಿ ಒಂದು ಕಸುಬನ್ನು ಕಲಿಸಿ, ಬಳಿಕವೂ ಕೈಬಿಡದೆ ಅವರ ಉದ್ಯೋಗವು ನೆಲೆಗೊಳ್ಳುವವರೆಗೆ ಬೆನ್ನಿಗೆ ನಿಲ್ಲುವ ಈ ಕ್ರಮವು ಎಷ್ಟು ಸಫಲವಾಯಿತೆಂದರೆ, ಕೇಂದ್ರ ಸರಕಾರವು ಇದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಜಿಲ್ಲೆಗೂ ಇಂತಹುದೊಂದು ಸಂಸ್ಥೆಯಿರಬೇಕೆಂದು ಯೋಜಿಸಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, ಸಂಸ್ಥೆಯಾದರೋ ಉಳಿದಿದೆ. ದಾತೃಗಳ ಹೆಸರಿಗಿಂತ ದೀರ್ಘಕಾಲ ಬಾಳುವ ಕಾರ್ಯವು ಕೂಡಿ ಮಾಡಿದ ಕಾರ್ಯವೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಆದರೂ ಇಲ್ಲೊಂದು ಮಿತಿಯುಂಟು. ಸ್ವಂತ ಅಂಗಡಿಯನ್ನಿಡಬಲ್ಲವನನ್ನು ಮೇಲೆತ್ತುವ ಈ ಉಪಾಯವು, ದಿನಗೂಲಿಯನ್ನೇ ನಂಬಿದವನ ಕೂಲಿಯನ್ನು ಒಂದು ಕಾಸಿನಷ್ಟೂ ಹೆಚ್ಚಿಸದು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪನ್ನೂ ತಂದು, ಮನೆಗೆಲಸದ ನಡುನಡುವೆ ಮೊರವನ್ನು ಮಡಿಲಿಗಿಟ್ಟು ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟೆಂಬ ಮಜೂರಿಯನ್ನು ಪಡೆಯುವ ಹೆಂಗಸೂ, ಧಕ್ಕೆಯಲ್ಲಿ ಮೀನು ವಿಂಗಡಿಸುವವಳೂ, ಬಾಗಲಕೋಟೆ ಕೊಪ್ಪಳಗಳಿಂದ ಬಂದು ಕಟ್ಟಡಗಳಿಗೆ ಕಲ್ಲು ಹೊರುವವನೂ ಉದ್ಯೋಗವಿಲ್ಲದವರಲ್ಲ. ಉದ್ಯೋಗವಿದ್ದೂ ಬಡವರಾಗಿ ಉಳಿದವರು. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನಕ್ಕೂ ಚಿಕಿತ್ಸೆಗೂ ಮನೆಗೂ ಆಧಾರವಾಗಲೆಂದು 1976ರ ಕಾಯ್ದೆಯಿಂದ ಹುಟ್ಟಿದ ಕಲ್ಯಾಣನಿಧಿಗೆ ಬೀಡಿಯ ಮೇಲಣ ಸೆಸ್ಸೇ ಮೂಲವಾಗಿದ್ದಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು.

ಇತ್ತ 2013ರ ಕಂಪನಿ ಕಾಯ್ದೆಯು, ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ತಮ್ಮ ಹಿಂದಣ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2 ಪಾಲನ್ನು ಸಮಾಜಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ಕಂಪನಿಗಳು ಪರಸ್ಪರ ಕೂಡಿ ಕೆಲಸ ಮಾಡಲು ಅದರ ನಿಯಮಗಳಲ್ಲಿ ಅವಕಾಶವಿದೆ. ಪ್ರತಿಯೊಂದೂ ತನ್ನ ಲೆಕ್ಕವನ್ನು ಪ್ರತ್ಯೇಕವಾಗಿ ಒಪ್ಪಿಸಬಲ್ಲಂತಿರಬೇಕು, ಅಷ್ಟೆ. ಹಾಗಿದ್ದರೂ ಬಸ್ ತಂಗುದಾಣಕ್ಕೊಂದು, ಶಾಲೆಯ ಕೊಠಡಿಗೊಂದು ಫಲಕವನ್ನು ಬರೆಯಿಸುವುದರಲ್ಲಿಯೇ ತೃಪ್ತಿ ಕಾಣುವ ಪ್ರವೃತ್ತಿಯೇ ಪ್ರಬಲವಾಗಿರುವುದಕ್ಕೆ ಕಾರಣವೇನೆಂದರೆ, ಕೂಡು ಹಣದಿಂದ ಆದ ಕೆಲಸಕ್ಕೆ ಯಾರೊಬ್ಬರ ಹೆಸರೂ ಅಂಟದು.

ಹನಿಗೂಡಿ ಹಳ್ಳವಾಗುವುದನ್ನು 1928ರಲ್ಲಿಯೇ ಪಿಗ್ಮಿ ಠೇವಣಿಯ ಮೂಲಕ ಬಡವರಿಗೆ ಬೋಧಿಸಿದ ಈ ಕರಾವಳಿಯ ಧನಿಕರು ಆ ಪಾಠವನ್ನು ತಾವೂ ಕಲಿಯಲಿ. ಬಂದರು, ತೈಲಾಗಾರ, ಬ್ಯಾಂಕು, ದೇವಸ್ಥಾನ, ಇಗರ್ಜಿ, ಜಮಾತುಗಳ ದಾನನಿಧಿಗಳು ಹತ್ತು ವರ್ಷಗಳ ಮಟ್ಟಿಗಾದರೂ ಒಂದುಗೂಡಿ, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಪಾಲನಾ ಗೃಹಗಳನ್ನೂ, ಬಾಕಿ ಮಜೂರಿ ಹಾಗೂ ಭವಿಷ್ಯನಿಧಿಯ ಹಕ್ಕುಗಳಿಗಾಗಿ ಉಚಿತ ಕಾನೂನು ನೆರವನ್ನೂ ನಡೆಸಬೇಕು. ಆ ಕೂಟದ ಸದಸ್ಯತ್ವಕ್ಕೆ ಒಂದೇ ನಿಬಂಧನೆಯಿರಲಿ: ಸದಸ್ಯನು ತನ್ನ ಆವರಣದಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವನಿಗೂ ಕಾವಲು ಕಾಯುವವನಿಗೂ ದೊರೆಯುವ ಕೂಲಿಯೆಷ್ಟೆಂಬುದನ್ನು ಉಳಿದವರಿಗೆ ತಿಳಿಸತಕ್ಕದ್ದು.

ಕೂಲಿಯನ್ನು ನಿರ್ಣಯಿಸುವುದು ಸರಕಾರದ ಕೆಲಸ, ದಾನಿಯದಲ್ಲವೆಂದು ಆಕ್ಷೇಪಿಸುವವರುಂಟು. ಸರಕಾರವು ಗೊತ್ತುಪಡಿಸುವುದು ಕನಿಷ್ಠ ವೇತನವನ್ನು. ಅದಕ್ಕಿಂತ ಹೆಚ್ಚು ಕೊಡಬೇಡವೆಂದು ಯಾವ ಕಾಯ್ದೆಯೂ ಹೇಳಿಲ್ಲ. ನ್ಯಾಯವಾದ ಮಜೂರಿಯನ್ನು ತಡೆಹಿಡಿದು ಉಳಿಸಿದ ಹಣದಿಂದ ಅದೇ ಕೂಲಿಯವನ ಮಗನಿಗೆ ಪುಸ್ತಕ ಹಂಚುವುದು ದಾನವಲ್ಲ, ಸಾಲದ ಅಲ್ಪಾಂಶದ ಮರುಪಾವತಿ ಮಾತ್ರ.