ಶೆಟ್ಟಿಹಳ್ಳಿಯ ಗೋಡೆಗಳ ಮುಂದೆ ಒಂದು ತಕರಾರು

ಕಳೆದ ಬೇಸಿಗೆಯಲ್ಲಿ ಹೊಳೆನರಸೀಪುರದಿಂದ ನನಗೊಂದು ಮದುವೆಯ ಕರೆಯೋಲೆ ಬಂತು. ಹುಡುಗಿ ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗಳು. ನಾನೇ ಎತ್ತಿ ಆಡಿಸಿದ ಕೂಸು. ಕರೆಯೋಲೆಯ ಮುಖಪುಟದಲ್ಲಿ ಹುಡುಗ ಹುಡುಗಿಯರ ಬಣ್ಣದ ಚಿತ್ರವಿತ್ತು. ಹುಡುಗಿ ತೊಟ್ಟ ಬಿಳಿಯ ಗೌನು ನೆಲದ ಮೇಲೆ ಎರಡು ಮಾರು ಹರಡಿಕೊಂಡಿತ್ತು. ಹಿಂದೆ ಸೂರಿಲ್ಲದ ಗೋಡೆಗಳು, ಕಮಾನುಗಳು, ಕಮಾನುಗಳ ನಡುವೆ ಆಕಾಶ. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದೆ. ಅದು ಶೆಟ್ಟಿಹಳ್ಳಿಯ ಹಳೆಯ ದೇವಾಲಯ. ಅವರಿಬ್ಬರೂ ನಗುತ್ತಾ ನಿಂತಿದ್ದ ಜಾಗ, ನನ್ನ ನೆನಪು ಸರಿಯಾಗಿದ್ದರೆ, ಬಲಿಪೀಠವಿದ್ದ ಜಾಗ.

ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಇಲ್ಲಿ ಬರೆದಿಡಬೇಕೆಂದು ಕೂತಿದ್ದೇನೆ. ಆದರೆ ಬರೆಯುವ ಹೊತ್ತಿಗೆ ಅದು ಮೊದಲು ಹೊರಟ ದಾರಿ ಬಿಟ್ಟು ಬೇರೆ ಕಡೆಗೆ ತಿರುಗಿದೆ. ಹೇಗೆ ತಿರುಗಿತು ಎಂಬುದನ್ನೂ ಹೇಳುತ್ತೇನೆ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ದಂಡೆಯ ಮೇಲೆ, 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ನಿಲ್ಲುವ ಆ ಜಲಾಶಯದ ಹಿನ್ನೀರಿಗೆ ಊರುಗಳು ಹೋದವು, ದೇವಾಲಯವೂ ಹೋಯಿತು. ಮಳೆಗಾಲದಲ್ಲಿ ಅದು ಕಮಾನಿನವರೆಗೆ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಕೆಸರಿನ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ನನ್ನ ಅಜ್ಜಿಯ ಊರು ಆ ಸೀಮೆಯಲ್ಲೇ ಇತ್ತು. ಅವಳ ಕೈ ಹಿಡಿದು ನಾನು ಆ ದೇವಾಲಯದ ಅಕ್ಟೋಬರ್ ತಿಂಗಳ ಹಬ್ಬಕ್ಕೆ ಹೋಗಿದ್ದೇನೆ. ಅವಳನ್ನು ಮಣ್ಣು ಮಾಡಿದ್ದೂ ಅದೇ ಹೊಳೆಯ ಬದಿಯಲ್ಲಿ.

ಇವತ್ತು ಈ ಜಾಗಕ್ಕೆ ಬರುವ ಜನಕ್ಕೆ ಎರಡು ಸಂಗತಿ ಮಾತ್ರ ಗೊತ್ತು. ಒಂದು, ಗೋಡೆಯ ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರಂತೆ. ಎರಡು, ರಾತ್ರಿ ಅಲ್ಲಿ ದೆವ್ವ ಓಡಾಡುತ್ತದಂತೆ. ಈ ಎರಡು 'ಅಂತೆ'ಗಳನ್ನು ಹೊತ್ತುಕೊಂಡು ಕಾರುಗಳು ಬರುತ್ತವೆ, ತಲೆಯ ಮೇಲೆ ಡ್ರೋನ್ ಹಾರುತ್ತದೆ, ಬಿಯರ್ ಬಾಟಲಿ ಒಡೆಯುತ್ತದೆ, ಗೋಡೆಯ ಮೇಲೆ ಪ್ರೇಮಿಗಳ ಹೆಸರು ಮೂಡುತ್ತದೆ. ಬೆಲ್ಲದ ವಿಚಾರ ಕೇಳುವವರುಂಟು. ಆ ಗಾರೆ ಹೊತ್ತವರು ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಿದವರನ್ನು ನಾನು ಕಾಣೆ. ದೆವ್ವದ ಮಾತಂತೂ ನನಗೆ ಕೆನ್ನೆಗೆ ಹೊಡೆದ ಹಾಗೆ ಕೇಳುತ್ತದೆ. ಅಲ್ಲಿ ಮಲಗಿರುವವರು ನಮ್ಮ ಹಿರಿಯರು. ನಿಮ್ಮ ಅಜ್ಜಿಯನ್ನು ಯಾರಾದರೂ ದೆವ್ವ ಎಂದರೆ ನೀವು ಸುಮ್ಮನಿರುತ್ತೀರಾ?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರು ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟು ಬೆಟ್ಟ ಹತ್ತುತ್ತಾರೆ. ಬೇಲೂರಿನಲ್ಲಿ ದನಿ ತಗ್ಗಿಸುತ್ತಾರೆ. ಅದೇ ಜನ ಶೆಟ್ಟಿಹಳ್ಳಿಯಲ್ಲಿ ಬಲಿಪೀಠದ ಜಾಗದಲ್ಲಿ ನಿಂತು ಸಿಗರೇಟು ಹಚ್ಚುತ್ತಾರೆ. ಇದಕ್ಕೆ ಕೆಲವರು ಕೊಡುವ ಸಮಾಧಾನ, 'ಅದು ಪರದೇಶದವರು ಕಟ್ಟಿದ್ದು, ನಮಗೇನು ಸಂಬಂಧ' ಎಂಬುದು. ನಕ್ಷೆ ಪರದೇಶದ್ದು, ಒಪ್ಪಿದೆ. ಮಣ್ಣು ಯಾವ ದೇಶದ್ದು? ಬೆವರು? ಅಲ್ಲಿ ಮೊಣಕಾಲೂರಿದವರು ರಾಯಪ್ಪ, ಚಿನ್ನಪ್ಪ, ಮರಿಯಮ್ಮ ಎಂಬ ಹೆಸರಿನ ರಾಗಿ ಬೆಳೆಯುವ ಜನ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಉಡುಗೆ ಊಟಗಳಲ್ಲಿ ಈ ನೆಲದವರಂತೆಯೇ ಬದುಕಿದರು. ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು, ಸಿಡುಬಿಗೆ ದಾಕು ಹಾಕಿಸುವ ಕೆಲಸಕ್ಕೆ ಊರೂರು ತಿರುಗಿದರು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅಂಥವರ ಬೆನ್ನಿಗೆ ಬೆಳೆದ ರೈತಾಪಿ ಕ್ರೈಸ್ತರು ಈ ಜಿಲ್ಲೆಯ ಮಣ್ಣಿಗೆ ಹೊಸಬರಲ್ಲ.

ಇನ್ನೂ ಒಂದು ಲೆಕ್ಕ ಹೇಳಬೇಕು. ಆ ಊರುಗಳು ಮುಳುಗಿದ ಮೇಲೆ ಹೇಮಾವತಿಯ ನೀರು ಕಾಲುವೆ ಹಿಡಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಗೆ ಹರಿಯಿತು; ಅಲ್ಲಿಂದ ಮುಂದೆ ಮಂಡ್ಯ, ತುಮಕೂರಿಗೂ ಹೋಯಿತು. ಒಣಗಿ ಬಿರಿದಿದ್ದ ಗದ್ದೆಗಳು ಹಸಿರಾದವು. ನಾನು ಅಣೆಕಟ್ಟಿನ ವಿರೋಧಿಯಲ್ಲ. ಆ ನೀರಿನ ಅನ್ನ ನಾನೂ ಉಂಡಿದ್ದೇನೆ. ಆದರೆ ಉಂಡವನಿಗೆ ಅನ್ನ ಬಡಿಸಿದ ಕೈಯ ನೆನಪಿರಬೇಕು. ಮುಳುಗಿದ ಊರುಗಳಲ್ಲಿ ಹಿಂದೂಗಳಿದ್ದರು, ಕ್ರೈಸ್ತರಿದ್ದರು. ನೀರು ಜಾತಿ ಕೇಳಲಿಲ್ಲ. ಆ ಎಲ್ಲರ ಪರವಾಗಿ ನೀರಿನಿಂದ ತಲೆಯೆತ್ತಿ ನಿಂತ ಸಾಕ್ಷಿ ಈ ದೇವಾಲಯ. ಸಾಕ್ಷಿಯನ್ನು ಪರದೆ ಮಾಡಿಕೊಂಡು ಅದರ ಮುಂದೆ ನಿಂತು ಹಲ್ಲು ಕಿರಿಯುವುದು ನನಗೆ ಸಹಿಸಲಾಗದ ಮಾತು.

ಇದನ್ನೆಲ್ಲ ನಾನು ತಂಗಿಯ ಮನೆಗೆ ಹೋಗಿ ಹುಡುಗಿಯ ಎದುರು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ತಂಗಿಯ ಗಂಡ ನನ್ನನ್ನು ಸಮಾಧಾನ ಮಾಡಲು ಬಂದರು. ಅವರು ತಿಳಿದವರು. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಬಹುಪಾಲು ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಅದೀಗ ಬರಿಯ ಗೋಡೆ ಎಂದರು. ಕಾನೂನು ಅವರ ಪಕ್ಷಕ್ಕಿದೆ. ಆದರೆ ಸತ್ತ ತಾಯಿಯ ಸೀರೆಯೂ ಕಾನೂನಿನ ಪ್ರಕಾರ ಬರಿಯ ಬಟ್ಟೆ. ಅದರಲ್ಲಿ ನಾವು ನೆಲ ಒರೆಸುವುದಿಲ್ಲ ಎಂದೆ. ಅವರು ಸುಮ್ಮನಾದರು. ನಾನು ಗೆದ್ದೆನೆಂದುಕೊಂಡೆ.

ಆಗ ಹುಡುಗಿ ಬಾಯಿ ಬಿಟ್ಟಳು. 'ಮಾವ, ಅದು ನಮ್ಮೂರು ಅಂತ ನನಗೆ ಯಾರು ಹೇಳಿದ್ರು? ಫೋಟೋದವನು ಚೆನ್ನಾಗಿದೆ ಅಂತ ಕರ್ಕೊಂಡು ಹೋದ, ಹೋದ್ವಿ. ಮುತ್ತಜ್ಜಿ ಅಲ್ಲಿಯವರು ಅನ್ನೋದು ಈಗ ನಿಮ್ಮ ಬಾಯಲ್ಲೇ ಕೇಳ್ತಾ ಇದ್ದೀನಿ. ನೀವು ಅಲ್ಲಿಗೆ ಹೋಗಿ ಎಷ್ಟು ವರ್ಷ ಆಯ್ತು?'

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅಲ್ಲಿಗೆ ಹೋಗಿ ಹದಿನೇಳು ವರ್ಷಗಳಾಗಿದ್ದವು.

ಓದುಗರೇ, ನನ್ನ ಸಿಟ್ಟು ದಿಕ್ಕು ಬದಲಿಸಿದ್ದು ಅಲ್ಲಿ. ಪ್ರವಾಸಿಗೆ ತಿಳಿಯದಿದ್ದರೆ ಅದು ಅವನ ಅಜ್ಞಾನ. ಮನೆಯ ಮಗುವಿಗೆ ತಿಳಿಯದಿದ್ದರೆ ಅದು ಹಿರಿಯರ ಅಪರಾಧ. ನವೆಂಬರ್ 2ರಂದು ನಾವು ಮೃತರ ಸ್ಮರಣೆ ಮಾಡುತ್ತೇವೆ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಮುಂಗಾರು ಚೆನ್ನಾಗಿ ಆದ ವರ್ಷ ಆ ಹೊತ್ತಿನಲ್ಲಿ ಜಲಾಶಯ ತುಂಬಿರುತ್ತದೆ. ನಮ್ಮ ಅಜ್ಜಿಯ ಸಮಾಧಿಗೆ ಹೂವಿಡಬೇಕಾದರೆ ನೀರಿಗೆ ಬಿಡಬೇಕು. ನನ್ನ ತಾಯಿ ಬದುಕಿರುವವರೆಗೆ ದಂಡೆಗೆ ಹೋಗಿ ಬಿಟ್ಟು ಬರುತ್ತಿದ್ದಳು. ಅವಳ ನಂತರ ನಾವು ಹಾಸನದ ಸಮಾಧಿ ಭೂಮಿಯಲ್ಲೇ ಒಂದು ಬತ್ತಿ ಹೆಚ್ಚಿಗೆ ಹಚ್ಚಿ ಮುಗಿಸಿದೆವು. ದೂರ, ಕೆಲಸ, ಮಳೆ ಎಂದು ನೆಪ ಹೇಳಿದೆವು. ಯಾರೂ ಬಂದು ನಮ್ಮ ನೆನಪನ್ನು ಕಿತ್ತುಕೊಳ್ಳಲಿಲ್ಲ.

ನಮ್ಮ ನುಡಿಯ ಕತೆಯೂ ಹೀಗೆಯೇ ಆಗುತ್ತಿದೆ. ಅಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ. ಸ್ವಾಮಿಗಳು 'ದೋಮಿನುಸ್ ವೋಬಿಸ್ಕುಂ' ಎಂದರೆ ಅವಳು ಅರ್ಥ ತಿಳಿಯದೆಯೇ ತಲೆಬಾಗುತ್ತಿದ್ದಳು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ಬಲಿಪೀಠದ ಬಾಗಿಲು ತೆರೆಯಿತು. ಕನ್ನಡದಲ್ಲಿ ಪೂಜೆ ಕೇಳಿದ ಮೊದಲ ದಿನ ಅವಳು ಅತ್ತಳಂತೆ. ದೇವರಿಗೆ ನಮ್ಮ ಮಾತೂ ಬರುತ್ತದೆಂದು ಗೊತ್ತಾಯಿತು ಎಂದಳಂತೆ. ಅವಳ ಮರಿಮಕ್ಕಳು ಈಗ ಪರಲೋಕ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಅರ್ಧಕ್ಕೇ ನಿಲ್ಲಿಸುತ್ತಾರೆ. ನಾವು ಅದನ್ನು ಹೆಮ್ಮೆಯಿಂದ ಬಂಧುಗಳ ಮುಂದೆ ಹೇಳಿಸುತ್ತೇವೆ. ಇದಕ್ಕೆ ಯಾವ ಅಣೆಕಟ್ಟೂ ಬೇಕಾಗಲಿಲ್ಲ.

ಮದುವೆಯ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಧರ್ಮಸಭೆ ಮದುವೆಯನ್ನು ಸಂಸ್ಕಾರವೆನ್ನುತ್ತದೆ. ನಾವು ಅದನ್ನು ಚಿತ್ರೀಕರಣ ಮಾಡಿದ್ದೇವೆ. ವಚನ ಹೇಳುವ ಹೊತ್ತಿಗೆ ಕ್ಯಾಮೆರಾದವನ ಬೆನ್ನು ಮಾತ್ರ ಬಂಧುಗಳಿಗೆ ಕಾಣುತ್ತದೆ. ಉಂಗುರ ಸರಿಯಾಗಿ ಬೀಳಲಿಲ್ಲವೆಂದು ಮತ್ತೊಮ್ಮೆ ಹಾಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಖರ್ಚಿಗಾಗಿ ಅರಕಲಗೂಡಿನ ಕಡೆಯ ನಮ್ಮ ಬಂಧುವೊಬ್ಬ ಎರಡು ಎಕರೆ ಹೊಲ ಮಾರಿದ. ಹಿಂದೆ ಒಂದು ಪೀಳಿಗೆ ಭೂಮಿಯನ್ನು ನೀರಿಗೆ ಕೊಟ್ಟಿತು, ಊರಿಗೆ ಒಳ್ಳೆಯದಾಗಲೆಂದು. ಈ ಪೀಳಿಗೆ ಫೋಟೋಗೆ ಕೊಡುತ್ತಿದೆ.

ಹಾಗಾದರೆ ಮಾಡಬೇಕಾದದ್ದೇನು? ದೇವಾಲಯವನ್ನು ಸಿಮೆಂಟು ಬಳಿದು ದುರಸ್ತಿ ಮಾಡಿ, ದೀಪಾಲಂಕಾರ ಮಾಡಿ, ಟಿಕೆಟ್ ಇಡಬೇಕೆನ್ನುವವರಿದ್ದಾರೆ. ಬೇಡ. ಅದು ಸಾಕ್ಷಿಗೆ ಬಣ್ಣ ಬಳಿದು ಕುಣಿಸಿದಂತೆ. ಬೀಳುತ್ತಿರುವ ಗೋಡೆ ಬೀಳದಂತೆ ಬಲ್ಲವರು ಊರೆ ಕೊಡಲಿ, ಅಷ್ಟು ಸಾಕು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸಗಳು ಅಗ್ಗದವು. ಮುಳುಗಿದ ಊರುಗಳ ಹೆಸರನ್ನು, ಎಲ್ಲ ಜಾತಿ ಮತದವರ ಊರುಗಳ ಹೆಸರನ್ನು, ಒಂದು ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆಸಿ ದಂಡೆಯ ಮೇಲೆ ನಿಲ್ಲಿಸಬೇಕು. ಆ ಊರುಗಳಲ್ಲಿ ಹುಟ್ಟಿ ಇನ್ನೂ ಉಸಿರಾಡುತ್ತಿರುವ ಮುದುಕ ಮುದುಕಿಯರ ಮಾತನ್ನು ಬರೆದಿಡಬೇಕು. ಶರಾವತಿಯ ಮುಳುಗಡೆಗೆ ನಾ. ಡಿಸೋಜ ಇದ್ದರು, 'ಮುಳುಗಡೆ', 'ದ್ವೀಪ' ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಕಣಿವೆಯ ಜನಕ್ಕೆ ತಮ್ಮ ಕತೆ ಪುಸ್ತಕದಲ್ಲಿ ಉಳಿದಿದೆಯೆಂಬ ಸಮಾಧಾನವಾದರೂ ಇತ್ತು. ಅವರೂ ಕ್ರೈಸ್ತರೇ, ಕನ್ನಡದವರೇ. ನಮ್ಮ ಹೇಮಾವತಿ ಸೀಮೆಯ ಕ್ರೈಸ್ತರ ಮನೆಗಳಲ್ಲಿ ಬರೆಯಬಲ್ಲ ಹುಡುಗರಿಲ್ಲವೇ? ಇದ್ದಾರೆ. ಅವರಿಗೆ ಹೇಳುವವರಿಲ್ಲ.

ಮದುವೆ ಚೆನ್ನಾಗಿ ಆಯಿತು. ನಾನೂ ಹೋಗಿ ಅಕ್ಕರೆಯಿಂದ ಊಟ ಮಾಡಿ ಬಂದೆ. ಮಳೆ ಹಿಡಿಯುವ ಮೊದಲು ಹುಡುಗಿ ಗಂಡನನ್ನು ಕರೆದುಕೊಂಡು ಹಾಸನಕ್ಕೆ ಬಂದಳು. 'ಮಾವ, ತೋರಿಸಿ' ಎಂದಳು. ಮೂವರೂ ಶೆಟ್ಟಿಹಳ್ಳಿಗೆ ಹೋದೆವು. ಅಜ್ಜಿಯ ಸಮಾಧಿ ಇದ್ದ ಜಾಗ ನನಗೆ ಸರಿಯಾಗಿ ಗುರುತು ಹತ್ತಲಿಲ್ಲ. ಇಲ್ಲೇ ಎಲ್ಲೋ ಇರಬೇಕೆಂದು ಕೆಸರು ಬಿರಿದ ಒಂದು ಕಡೆ ನಿಂತೆ. ಅವಳು ಚಪ್ಪಲಿ ಬಿಟ್ಟು ನನ್ನ ಪಕ್ಕ ಬಂದು ನಿಂತಳು. ಮೂವರೂ ಕನ್ನಡದಲ್ಲೇ ಒಂದು ಸುತ್ತು ಜಪಸರ ಹೇಳಿದೆವು. ನಡುವೆ ಅವಳು ಎರಡು ಕಡೆ ತಪ್ಪಿದಳು, ನಾನು ಒಂದು ಕಡೆ.