ಗುಡಿಸಬೇಡಿ, ಅದು ಕಸವಲ್ಲ

ರಾತ್ರಿ ಹತ್ತೂವರೆ. ಊಟ ಮುಗಿದಿದೆ, ಪಾತ್ರೆಗಳು ಸಿಂಕಿನಲ್ಲೇ ಇವೆ. ಡೈನಿಂಗ್ ಟೇಬಲ್ ಮೇಲೆ ಥರ್ಮೊಕೋಲ್, ಚಾರ್ಟ್ ಪೇಪರ್, ಫೆವಿಕಾಲ್ ಡಬ್ಬಿ, ಹಳೆಯ ಮದುವೆ ಕರೆಯೋಲೆಗಳ ಒಂದು ಕಟ್ಟು. ‘ನಾಳೆ ಪ್ರಾಜೆಕ್ಟ್ ಕೊಡಬೇಕು’ ಎಂದು ಮಗ ಬಾಯಿಬಿಟ್ಟದ್ದು ಒಂಬತ್ತು ಗಂಟೆಗೆ. ಅವನಿಗೀಗ ಗಾಢ ನಿದ್ದೆ. ಅಮ್ಮ ಕೂತು ಶನಿಗ್ರಹಕ್ಕೆ ಬಳೆ ಕತ್ತರಿಸುತ್ತಿದ್ದಾಳೆ. ಆ ಹೊತ್ತಿನಲ್ಲಿ ಯಾರೂ ಆಕೆಯನ್ನು ‘ನಿನಗೆ ಬೇರೆ ಕೆಲಸ ಇಲ್ವಾ?’ ಎಂದು ಕೇಳುವುದಿಲ್ಲ. ಅಪ್ಪ ನೀರು ಕುಡಿಯಲು ಎದ್ದು ಬಂದವನು, ಬಳೆಗೆ ಚಿನ್ನದ ಬಣ್ಣದ ಕಾಗದವೇ ಚೆಂದ ಎಂದು ಸಲಹೆಯನ್ನೂ ಕೊಟ್ಟು ಹೋಗುತ್ತಾನೆ.

ಮರುದಿನ ಮಧ್ಯಾಹ್ನ ಅದೇ ಅಮ್ಮ, ಅದೇ ಮೇಜಿನ ಮುಂದೆ, ಉಳಿದ ಅದೇ ಕಾಗದ ಹಿಡಿದು ತನಗಾಗಿ ಏನೋ ಮಾಡಲು ಕೂತಳು ಎನ್ನಿ. ಹತ್ತು ನಿಮಿಷದಲ್ಲಿ ಮನೆಗೆಲ್ಲ ಆಕೆ ಬೇಕಾಗುತ್ತಾಳೆ. ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಕನ್ನಡಕ, ಮತ್ತೊಬ್ಬರಿಗೆ ‘ಇದನ್ನೆಲ್ಲ ಯಾವಾಗ ಎತ್ತಿಡ್ತೀಯ?’ ಎಂಬ ಚಿಂತೆ. ಕೆಲಸ ಒಂದೇ, ಕತ್ತರಿ ಒಂದೇ. ಮಗುವಿನ ಹೆಸರಿದ್ದಾಗ ಅದು ಜವಾಬ್ದಾರಿ. ಅವಳ ಹೆಸರಿದ್ದಾಗ ಟೈಂಪಾಸ್.

ಸಂಸಾರಸ್ಥರಿಗೆ ಇಂಥ ಹವ್ಯಾಸಕ್ಕೆ ಪುರುಸೊತ್ತೆಲ್ಲಿ ಎಂಬ ಮಾತನ್ನು ಈ ಎರಡು ದೃಶ್ಯಗಳ ನಡುವೆ ಇಟ್ಟು ನೋಡಬೇಕು. ಪುರುಸೊತ್ತು ಸಿಗುತ್ತದೆ. ಆದರೆ ಬೇರೆ ಯಾರದೋ ಹೆಸರಿನಲ್ಲಿ ಮಾತ್ರ ಸಿಗುತ್ತದೆ.

ಇದು ಇವತ್ತಿನ ಕಥೆಯೇನಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೇ ನೋಡಿ. ಗೋಡೆಗೆ ಕೆಮ್ಮಣ್ಣು, ಬಿಳುಪಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಗೆರೆ ಒಂದಿಷ್ಟೂ ಸೊಟ್ಟಗಾಗಬಾರದು. ಗಂಟೆಗಟ್ಟಲೆ ಕೂರಬೇಕಾದ ಈ ಕೆಲಸಕ್ಕೆ ಮದುವೆಯ ಮನೆಯಲ್ಲಿ, ಅದೂ ನೂರೆಂಟು ಗಡಿಬಿಡಿಯ ನಡುವೆ, ಸಮಯ ಹೊಂದುತ್ತಿತ್ತು. ಹಸೆಯಿಲ್ಲದೆ ಮದುವೆ ಸಾಗದು ಎಂಬುದೇ ಅದಕ್ಕೆ ಕಾರಣ. ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ, ಧೋತರಗಳನ್ನು ತುಂಡು ಮಾಡಿ ಕೌದಿ ಹೊಲಿಯುವುದೂ ಹೀಗೆಯೇ. ಮನೆಗೆ ಹೊದಿಕೆ ಬೇಕು, ಬಾಣಂತಿಯ ಮಗುವಿಗೆ ಮೆತ್ತನೆಯದು ಬೇಕು. ಆ ನೆಪದಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸುವ ಸುಖ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೊಲಿದು ‘ಫುಲ’ ಇಡುತ್ತಾರೆ. ಅದರಿಂದ ಹೊದಿಕೆ ಒಂದು ಗುಲಗಂಜಿಯಷ್ಟೂ ಹೆಚ್ಚು ಬೆಚ್ಚಗಾಗುವುದಿಲ್ಲ. ಆದರೂ ಅದಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯಲ್ಲ.

ಕರಾವಳಿಯ ಗೂಡುದೀಪ ಶುದ್ಧ ಕಾಗದದ ಕಸುಬು. ದೀಪಾವಳಿಗೆ ವಾರ ಇರುವಾಗ ಬಿದಿರನ್ನು ಸೀಳಿ, ಕಡ್ಡಿಗಳನ್ನು ನೂಲಿನಲ್ಲಿ ಬಿಗಿದು ಚೌಕಟ್ಟು ಕಟ್ಟುತ್ತಾರೆ. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತದೆ. ಬಣ್ಣದ ಕಾಗದವನ್ನು ಒಂದಂಗುಲ ಹೆಚ್ಚಿಗೆ ಕತ್ತರಿಸಿ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಬೇಕು. ಹೆಚ್ಚು ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಜೋಲುತ್ತದೆ. ಕೆಳಗೆ ತೂಗಾಡುವ ಬಾಲಕ್ಕೆ ಕತ್ತರಿಯಿಂದ ಸಣ್ಣ ಸಣ್ಣ ಎಳೆ. ಆ ಕೆಲವು ಸಂಜೆ ಗಂಡಸರೂ ಕತ್ತರಿ ಹಿಡಿದು ಕೂರುತ್ತಾರೆ, ಯಾರಿಗೂ ನಾಚಿಕೆಯಿಲ್ಲ. ಹಬ್ಬದ ಕೆಲಸವಲ್ಲವೇ!

ಹಬ್ಬ, ಮದುವೆ, ಬಾಣಂತನ ಎಂಬ ಮರೆಯಲ್ಲಿ ಕೈಗೆ ಸಿಗುತ್ತಿದ್ದ ಆ ಹೊತ್ತು ಈಗ ಕರಗಿದೆ. ಹಸೆಯ ಜಾಗಕ್ಕೆ ಫ್ಲೆಕ್ಸ್ ಬಂದಿದೆ, ಗೂಡುದೀಪ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಉಳಿದದ್ದು ಸ್ಕೂಲ್ ಪ್ರಾಜೆಕ್ಟ್. ಕ್ವಿಲ್ಲಿಂಗ್, ಒರಿಗಾಮಿ, ಕೊಲಾಜ್ ಎಂದು ಯಾರಾದರೂ ಹೊಸದಾಗಿ ಹಚ್ಚಿಕೊಂಡರೆ, ಕಾಗದದ ಜೊತೆ ಬಟ್ಟೆ, ದಾರ, ಗುಂಡಿ, ಬಣ್ಣ ಎಲ್ಲ ಸೇರಿಸಿ ಮಿಕ್ಸೆಡ್ ಮೀಡಿಯಾ ಎಂದು ಶುರುಮಾಡಿದರೆ, ಅದಕ್ಕೆ ಹೇಳಿಕೊಳ್ಳಲು ನೆಪವೇ ಇಲ್ಲ. ನೆಪವಿಲ್ಲದ ಕೆಲಸಕ್ಕೆ ಮನೆಯಲ್ಲಿ ಬೆಲೆ ಕಡಿಮೆ.

ಹೆಂಗಸರಿಗೆ ತಮಗೆಂದು ಉಳಿಯುವ ಹೊತ್ತೂ ಕಡಿಮೆ, ಲೆಕ್ಕವೇ ಹಾಗೆ ಹೇಳುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಇದರಲ್ಲಿ ಕೈಯನ್ನೇ ಹಾಕದ ಗಂಡಸರು ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ‘ಬೆಳಿಗ್ಗೆ ಒಂದು ಗಂಟೆ ಬೇಗ ಏಳಿ, ನಿಮಗಾಗಿ ಸಮಯ ಮಾಡಿಕೊಳ್ಳಿ’ ಎಂದು ಹೆಂಗಸರಿಗೆ ಬುದ್ಧಿ ಹೇಳುವ ವಿಡಿಯೊಗಳಿಗೆ ಬರವಿಲ್ಲ. ನಿದ್ದೆಯಲ್ಲಿ ಒಂದು ಗಂಟೆ ಕದಿಯುವ ಬದಲು ಆ 289ರಲ್ಲಿ ಅರ್ಧ ಗಂಟೆಯನ್ನು ಪಕ್ಕದ 88ಕ್ಕೆ ದಾಟಿಸಿ ಎಂದು ಹೇಳುವವರು ಮಾತ್ರ ಅಪರೂಪ.

ಇಷ್ಟಾದರೂ ಜನ ಕಾಗದವನ್ನೇ ಏಕೆ ಹಿಡಿಯುತ್ತಾರೆ? ಅದು ನಡುವೆ ಬಿಟ್ಟೆದ್ದರೆ ಮುನಿಸಿಕೊಳ್ಳುವುದಿಲ್ಲ. ಜಲವರ್ಣ ಒಣಗಿಹೋಗುತ್ತದೆ, ಕುಂಬಾರಿಕೆಗೆ ಚಕ್ರ, ಭಟ್ಟಿ ಬೇಕು, ಸಂಗೀತಕ್ಕೆ ಮನೆಯವರ ಕಿವಿಯೂ ಬೇಕು. ಕಾಗದದ ಹೂವಿನ ನಾಲ್ಕನೆಯ ಎಸಳಿಗೆ ಕುಕ್ಕರ್ ಕೂಗಿತೆಂದರೆ ಎದ್ದು ಹೋಗಿ ಬಂದು ಐದನೆಯದನ್ನು ಕತ್ತರಿಸಬಹುದು. ನಡುನಡುವೆ ತುಂಡಾಗುವ ದಿನಗಳಿಗೆ ಇದಕ್ಕಿಂತ ಹೊಂದುವ ಮಾಧ್ಯಮ ಸಿಗುವುದು ಕಷ್ಟ.

ನ್ಯೂಯಾರ್ಕಿನ ಜೋಸೆಫ್ ಕಾರ್ನೆಲ್ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಹುಟ್ಟಿದ್ದು 1903ರಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಬಟ್ಟೆ ವ್ಯಾಪಾರದ ಕಂಪನಿಯೊಂದರಲ್ಲಿ ಸೇಲ್ಸ್‌ಮನ್ ಆಗಿ ದುಡಿದು ಮನೆ ನಡೆಸಿದ. ತಮ್ಮ ರಾಬರ್ಟ್‌ಗೆ ಸೆರೆಬ್ರಲ್ ಪಾಲ್ಸಿ, ಗಾಲಿಕುರ್ಚಿಯೇ ಗತಿ. ಕ್ವೀನ್ಸ್ ಬಡಾವಣೆಯ ಯುಟೋಪಿಯಾ ಪಾರ್ಕ್‌ವೇ ಎಂಬ ರಸ್ತೆಯ ಪುಟ್ಟ ಮನೆಯಲ್ಲಿ ತಾಯಿ, ತಮ್ಮನ ಜೊತೆ ಬದುಕು. ಮದುವೆಯಾಗಲಿಲ್ಲ. ಚಿತ್ರಕಲೆಯನ್ನು ಎಲ್ಲೂ ಕಲಿಯಲಿಲ್ಲ. ಹಗಲೆಲ್ಲ ದುಡಿಮೆ, ತಮ್ಮನ ಆರೈಕೆ. ರಾತ್ರಿ ಇಬ್ಬರೂ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಕತ್ತರಿ, ಗೋಂದು, ಹಳೆಯ ಪುಸ್ತಕದಂಗಡಿಗಳಲ್ಲಿ ಆಯ್ದು ತಂದ ಚಿತ್ರಗಳು, ನಕ್ಷೆಗಳು, ಗಾಜಿನ ಗೋಲಿ, ಮಣ್ಣಿನ ಪೈಪು, ಸಣ್ಣ ಗಾಜಿನ ಲೋಟಗಳು. ಅವನ್ನೆಲ್ಲ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಮುಂದೆ ಗಾಜು ಹಾಕುತ್ತಿದ್ದ. ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿರುವ ‘ಕಾರ್ನೆಲ್ ಪೆಟ್ಟಿಗೆಗಳು’ ಆರಂಭವಾದದ್ದು ಹೀಗೆ. ಮುಂದೆ ನೆಲಮಾಳಿಗೆಯಲ್ಲಿ ಅವನಿಗೊಂದು ಜಾಗವಾಯಿತು. ಅಲ್ಲಿ ಚೂರುಪಾರುಗಳನ್ನು ಡಬ್ಬಗಳಲ್ಲಿ ತುಂಬಿ, ಮೇಲೆ ಹೆಸರು ಬರೆದು ಇಡುತ್ತಿದ್ದ.

1965ರಲ್ಲಿ ರಾಬರ್ಟ್ ತೀರಿಕೊಂಡ. ಅವನು ಬರೆದಿಟ್ಟ ಚಿತ್ರಗಳನ್ನೇ ಸೇರಿಸಿಕೊಂಡು ಅಣ್ಣ ಅವನ ನೆನಪಿಗೆ ಕೊಲಾಜ್‌ಗಳನ್ನು ಮಾಡಿದ. 1972ರಲ್ಲಿ, ತಾನು ಸಾಯುವ ವರ್ಷ, ಕೂಪರ್ ಯೂನಿಯನ್‌ನಲ್ಲಿ ಮಕ್ಕಳಿಗೆಂದೇ ಒಂದು ಪ್ರದರ್ಶನ ಇಟ್ಟ. ಪೆಟ್ಟಿಗೆಗಳು ಮಕ್ಕಳ ಕಣ್ಣಿನ ಎತ್ತರಕ್ಕೆ. ತಿನ್ನಲು ಬ್ರೌನಿ ಕೇಕು, ಕುಡಿಯಲು ಚೆರಿ ಕೋಲಾ. ಮನೆಯ ಹೊರೆ ಹೊತ್ತವರೆಲ್ಲ ಹೆಂಗಸರೇ ಎಂದೇನಿಲ್ಲ ಎನ್ನಲು ಕಾರ್ನೆಲ್ ಸಾಕು. ಆದರೆ ಅಂಥವನಿಗೂ ದಕ್ಕಿದ್ದು ಮನೆಮಂದಿ ಮಲಗಿದ ಮೇಲಿನ ಹೊತ್ತೇ.

ಸ್ಯಾನ್ ಫ್ರಾನ್ಸಿಸ್ಕೊದ ರೂತ್ ಅಸಾವಾ ಹಿಡಿದ ದಾರಿ ಬೇರೆ. ತಂತಿ ಹೆಣೆದು ಮಾಡಿದ ಶಿಲ್ಪಗಳಿಂದ ಹೆಸರಾದವರು, ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಜೋಸೆಫ್ ಆಲ್ಬರ್ಸ್ ಬಳಿ ಕಲಿತವರು, ಕಾಗದ ಮಡಚುವುದರಲ್ಲೂ ಪಳಗಿದ ಕೈ. ಆಕೆಗೆ ಆರು ಮಕ್ಕಳು. ಸ್ಟುಡಿಯೊ ಬಾಗಿಲು ಮುಚ್ಚಿ ಕೂರುವ ಭಾಗ್ಯವಿರಲಿಲ್ಲ, ಅದನ್ನು ಆಕೆ ಬಯಸಿದಂತೆಯೂ ಕಾಣುವುದಿಲ್ಲ. ಇಮೋಜೆನ್ ಕನಿಂಗ್‌ಹ್ಯಾಂ ತೆಗೆದ 1957ರ ಒಂದು ಫೋಟೊದಲ್ಲಿ ಅಸಾವಾ ನೆಲದ ಮೇಲೆ ಕೂತು ತಂತಿ ಹೆಣೆಯುತ್ತಿದ್ದಾರೆ. ಸುತ್ತ ಮಕ್ಕಳು, ಅವರವರದೇ ಲೋಕದಲ್ಲಿ. 1968ರಲ್ಲಿ ಮಕ್ಕಳ ಶಾಲೆಯಲ್ಲೇ ಇತರ ಪಾಲಕರ ಜೊತೆಗೂಡಿ ಕಲಾ ಕಾರ್ಯಾಗಾರ ಶುರುಮಾಡಿದರು. ಸಾಮಗ್ರಿಗೆ ದುಡ್ಡಿಲ್ಲದಿದ್ದರೆ ಹಾಲಿನ ಖಾಲಿ ಪೆಟ್ಟಿಗೆ, ಮೊಟ್ಟೆಯ ತಟ್ಟೆ. ಹಿಟ್ಟು, ಉಪ್ಪು, ನೀರು ಕಲಸಿದ ಕಣಕದಲ್ಲಿ ಮಕ್ಕಳು ಆಕೃತಿಗಳನ್ನು ಮಾಡಿದರು. ನಗರದ ಒಂದು ಹೋಟೆಲಿನ ಮುಂದಿನ ಕಾರಂಜಿಗೆ ಬೇಕಾದ ಉಬ್ಬುಚಿತ್ರಗಳನ್ನೂ ಅಸಾವಾ ಇದೇ ಹಿಟ್ಟಿನಲ್ಲಿ ಮಕ್ಕಳು, ನೆರೆಹೊರೆಯವರನ್ನು ಸೇರಿಸಿಕೊಂಡು ಮಾಡಿಸಿ, ಆಮೇಲೆ ಕಂಚಿನಲ್ಲಿ ಎರಕ ಹೊಯ್ಯಿಸಿದರು.

ಅಸಾವಾ ಕಥೆ ಕೇಳಿ ‘ಹಾಗಾದರೆ ಮಕ್ಕಳನ್ನೂ ಕೂರಿಸಿಕೊಂಡು ಮಾಡಿ’ ಎಂದು ಉಪದೇಶಿಸುವುದು ಸುಲಭ. ಅಲ್ಲೊಂದು ಅಪಾಯವಿದೆ. ಮಕ್ಕಳನ್ನು ಕೂರಿಸಿಕೊಂಡರೆ ಅದು ಮತ್ತೆ ಮಕ್ಕಳ ಕಾರ್ಯಕ್ರಮವೇ. ಚೆಲ್ಲಿದ ಅಂಟು ಒರೆಸುವುದು, ಕತ್ತರಿಗೆ ಜಗಳವಾಡುವವರನ್ನು ಬಿಡಿಸುವುದು ಎಲ್ಲ ಅಮ್ಮನ ಪಾಲಿಗೆ. ಅಸಾವಾ ಮನೆಯಲ್ಲಿ ಮಕ್ಕಳು ಪಕ್ಕದಲ್ಲಿದ್ದರು, ನಿಜ. ಆದರೆ ತಾಯಿಯ ಕೈಯಲ್ಲಿದ್ದ ತಂತಿ ತಾಯಿಯದೇ ಕೆಲಸವಾಗಿತ್ತು.

ಹಿಂದಿನ ಕಾಲದ ಇನ್ನೊಬ್ಬಾಕೆಯನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಮೇರಿ ಡಿಲೇನಿ ಬಣ್ಣದ ಕಾಗದ ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂವಿನ ಚಿತ್ರ ಮಾಡಲು ಶುರುಮಾಡಿದ್ದು ತನ್ನ 72ನೇ ವಯಸ್ಸಿನಲ್ಲಿ, ಎರಡನೆಯ ಗಂಡ ತೀರಿಹೋದ ಮೇಲೆ. ಸುಮಾರು ಹತ್ತು ವರ್ಷದಲ್ಲಿ, ಕಣ್ಣು ಮಂಜಾಗುವವರೆಗೆ, 985 ಚಿತ್ರ. ಸರಾಸರಿ ನಾಲ್ಕು ದಿನಕ್ಕೊಂದು. ಒಂದು ಹೂವಿನಲ್ಲಂತೂ ಇನ್ನೂರಕ್ಕೂ ಹೆಚ್ಚು ಎಸಳು. ಕೆಲವೆಡೆ ನಿಜವಾದ ಒಣಎಲೆಯನ್ನೇ ಸೇರಿಸಿ ಅಂಟಿಸಿದ್ದಾಳೆ, ಇಂದಿನವರು ಮಿಕ್ಸೆಡ್ ಮೀಡಿಯಾ ಎನ್ನುವುದು ಅದನ್ನೇ. ಈಗ ಅವೆಲ್ಲ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಪ್ಪತ್ತೆರಡಕ್ಕೆ ಹೊಸದನ್ನು ಹಿಡಿದಳು ಎಂದು ಆಕೆಯನ್ನು ಕೊಂಡಾಡುವವರು ಇನ್ನೊಂದನ್ನೂ ಹೇಳಬೇಕು. ಆಕೆಗೆ ಮಕ್ಕಳಿರಲಿಲ್ಲ, ಶ್ರೀಮಂತ ಗೆಳತಿಯ ಆಶ್ರಯವಿತ್ತು, ಒಲೆಯ ಮುಂದೆ ನಿಲ್ಲಬೇಕಾದ ಪ್ರಮೇಯವಿರಲಿಲ್ಲ. ಇಲ್ಲಿ ಎಪ್ಪತ್ತೆರಡರ ಎಷ್ಟೋ ಅಜ್ಜಿಯರು ಮೊಮ್ಮಕ್ಕಳ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದಾರೆ.

ಕಾಗದದ ಕೆಲಸವೆಂದರೆ ಮಕ್ಕಳಾಟ ಎಂಬ ತಾತ್ಸಾರಕ್ಕೂ ಒಂದು ಉತ್ತರವಿದೆ, ನಮ್ಮ ಪಕ್ಕದ ಮದ್ರಾಸಿನಿಂದಲೇ. ಕಂದಾಯ ಇಲಾಖೆಯ ನೌಕರಿಯಲ್ಲಿದ್ದ ಟಿ. ಸುಂದರರಾವ್, ಶಿಶುವಿಹಾರದ ಮಕ್ಕಳಿಗೆಂದು ಬಂದಿದ್ದ ಕಾಗದ ಮಡಚುವ ಆಟದ ಪೆಟ್ಟಿಗೆಯಿಂದ ಪ್ರೇರಣೆ ಪಡೆದು, ಬರೀ ಮಡಿಕೆಗಳಿಂದ ರೇಖಾಗಣಿತ ಕಲಿಸುವ ಪುಸ್ತಕವನ್ನು 1893ರಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತನ್ನ ಬರಹದಲ್ಲಿ ಅದನ್ನು ಹೆಸರಿಸಿದ ಮೇಲೆ ಅದು ಜಗತ್ತೆಲ್ಲ ಸುತ್ತಿತು.

ಹೋಗಲಿ, ಮನೆಯೊಳಗೆ ಏನು ಮಾಡಬಹುದು? ಸಮಯಕ್ಕಿಂತ ಮೊದಲು ಜಾಗದ ಮಾತಾಡಬೇಕು. ಅರ್ಧ ಗಂಟೆಯ ಬಿಡುವಿನಲ್ಲಿ ಸಾಮಾನು ಹರಡಲು ಹತ್ತು ನಿಮಿಷ, ಎತ್ತಿಡಲು ಹತ್ತು ನಿಮಿಷ ಹೋದರೆ ಉಳಿಯುವುದು ಹತ್ತೇ ನಿಮಿಷ. ಕಾರ್ನೆಲ್‌ಗೆ ಅಡುಗೆಮನೆಯಿಂದ ನೆಲಮಾಳಿಗೆ ಸಿಕ್ಕಿದ್ದು ಅದಕ್ಕೇ ದೊಡ್ಡ ಸಂಗತಿ. ನೆಲಮಾಳಿಗೆ ಇಲ್ಲದ ನಮ್ಮ ಮನೆಗಳಲ್ಲಿ ಹೊಲಿಗೆ ಯಂತ್ರದ ಮುಚ್ಚಿದ ಹಲಗೆಯಾದರೂ ಸಾಕು, ಬಾಲ್ಕನಿಯ ಮೂಲೆಯಾದರೂ ಸರಿ. ಅದೂ ಆಗದಿದ್ದರೆ ಅಗಲದ ಒಂದು ರಟ್ಟಿನ ಹಲಗೆ. ಕೆಲಸವನ್ನು ಅದರ ಮೇಲೆಯೇ ಹರಡಿ, ಊಟದ ಹೊತ್ತಿಗೆ ಹಲಗೆ ಸಮೇತ ಮಂಚದ ಕೆಳಗೆ ಸರಿಸಿಬಿಡಬಹುದು. ಸಾಮಗ್ರಿಗೆ ಖರ್ಚೇನೂ ಬೇಡ. ಪ್ರತಿ ಮನೆಯಲ್ಲೂ ಮದುವೆ ಕರೆಯೋಲೆಗಳ ರಾಶಿ ಇರುತ್ತದೆ. ಅಷ್ಟು ಗಟ್ಟಿಯಾದ, ಅಷ್ಟು ಹೊಳಪಿನ ಕಾಗದ ಅಂಗಡಿಯಲ್ಲಿ ದುಬಾರಿ. ಅಂಟಿಗೆ ಮೈದಾ ಇದೆ. ಹುಳು ಹಿಡಿಯದಿರಲೆಂದು ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಆಗಾಗ ಸ್ವಲ್ಪವೇ ಕಾಯಿಸಿಕೊಂಡರಾಯಿತು.

ಇನ್ನು ಮೆಚ್ಚುವವರಿಂದಲೂ ಒಂದು ತೊಂದರೆಯಿದೆ. ‘ಎಷ್ಟು ಚೆನ್ನಾಗಿದೆ, ಮಾರಬಾರದಾ? ಇನ್‌ಸ್ಟಾಗ್ರಾಮ್‌ನಲ್ಲಿ ಹಾಕು, ಆರ್ಡರ್ ಬರುತ್ತೆ.’ ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಸ್ಕೂಲ್ ಪ್ರಾಜೆಕ್ಟ್ ಹೋಗಿ ಆರ್ಡರ್ ಬಂದರೆ ನೆಪ ಬದಲಾಯಿತು ಅಷ್ಟೇ. ದುಡ್ಡು ಬೇಕಾದವರು ಮಾರಲಿ, ಅದು ಗೌರವದ ದುಡಿಮೆ. ಬೇಡವಾದವರ ಕಾಗದದ ನವಿಲು ಯಾರಿಗೂ ಉಪಯೋಗಕ್ಕೆ ಬಾರದೆ ಕಪಾಟಿನ ಮೇಲೆ ಕೂತಿರಲಿ. ಸಿದ್ದಿ ಹೆಂಗಸರ ಫುಲವೂ ಉಪಯೋಗಕ್ಕೆ ಬಂದದ್ದಲ್ಲ.

ಆದ್ದರಿಂದ ಮನೆಯ ಉಳಿದವರಲ್ಲಿ ಒಂದೇ ವಿನಂತಿ. ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಾತ್ರೆ ನೀವು ತೊಳೆಯಿರಿ, ಸಂಜೆಯ ಕಾಫಿಯೂ ನಿಮ್ಮದೇ ಆಗಲಿ. ಮೇಜಿನ ಮೇಲೆ ಬಣ್ಣದ ಚೂರುಗಳು ಹರಡಿದ್ದರೆ ಕಸವೆಂದು ಬಳಿದು ಬುಟ್ಟಿಗೆ ಹಾಕಬೇಡಿ. ಹರಡಿದವರು ಅವನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೋ ನಿಮಗೆ ತಿಳಿಯದು. ಮತ್ತೆ, ಸೆಖೆಯೆಂದು ಫ್ಯಾನ್ ಹಾಕುವ ಮುಂಚೆ ಒಂದು ಮಾತು ಕೇಳಿ.